ಝಡ್ ಡ್ರೈವ್ ಓಪನ್ ಆಗ್ತಿಲ್ವಾ? ಯಾರನ್ನಾದರೂ ಬೈಯುವ ಮೊದಲು ಈ ಐದು ಪ್ರಶ್ನೆ ಕೇಳಿ

ಆಫೀಸುಗಳಲ್ಲಿ ಬೆಳಿಗ್ಗೆ ಕೇಳಿಬರುವ ಮೊದಲ ಕೂಗು ‘ನೆಟ್ ಬರ್ತಿಲ್ಲ’ ಅನ್ನೋದಾದರೆ, ಎರಡನೆಯದು ‘ಝಡ್ ಡ್ರೈವ್ ಓಪನ್ ಆಗ್ತಿಲ್ಲ’. ಅಕ್ಷರ ಝಡ್ ಇರಬಹುದು, ವೈ ಇರಬಹುದು, ಎಸ್ ಇರಬಹುದು. ಕಾಣುವ ಚಿತ್ರ ಮಾತ್ರ ಒಂದೇ: ಡ್ರೈವ್‌ನ ಐಕಾನ್ ಮೇಲೊಂದು ಕೆಂಪು ಇಂಟು ಮಾರ್ಕು. ಆಫೀಸಿನ ಜೀವವೆಲ್ಲ ಅದರೊಳಗೇ ಇರುತ್ತದೆ. ಬಿಲ್ಲುಗಳು, ಡ್ರಾಯಿಂಗ್‌ಗಳು, ಸ್ಯಾಲರಿ ಶೀಟು, ಟ್ಯಾಲಿ ಡೇಟಾ. ಕೆಲಸ ನಿಂತ ಐದೇ ನಿಮಿಷಕ್ಕೆ ತನಿಖೆ ಶುರು. ‘ನಿನ್ನೆ ಕೊನೇಲಿ ಹೋದವರು ಯಾರು? ಯಾರು ಏನ್ ಡಿಲೀಟ್ ಮಾಡಿದ್ರು?’

ನಾನು ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನಾನು ಕಂಡಂತೆ ಇಂಥ ಬೆಳಗುಗಳಲ್ಲಿ ಫೈಲು ನಿಜವಾಗಿ ಅಳಿಸಿಹೋಗಿರುವುದು ತೀರಾ ಅಪರೂಪ. ಫೈಲು ಇರುವಲ್ಲೇ ಇರುತ್ತದೆ, ಅಲ್ಲಿಗೆ ಹೋಗುವ ದಾರಿ ಮಧ್ಯದಲ್ಲಿ ಎಲ್ಲೋ ಕಟ್ಟಾಗಿರುತ್ತದೆ. ಎಲ್ಲಿ ಕಟ್ಟಾಗಿದೆ ಅಂತ ಹುಡುಕುವುದಕ್ಕೆ ಒಂದು ಕ್ರಮ ಇದೆ. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ತಾಳ್ಮೆ ಬೇಕು, ಪರದೆಯ ಮೇಲೆ ಬಂದ ಸಂದೇಶವನ್ನು ಪೂರ್ತಿ ಓದುವ ಅಭ್ಯಾಸ ಬೇಕು.

ಅದು ನಿಮ್ಮ ಕಂಪ್ಯೂಟರ್‌ನೊಳಗೆ ಇಲ್ಲ

ಸಿ ಡ್ರೈವ್, ಡಿ ಡ್ರೈವ್ ನಿಮ್ಮ ಯಂತ್ರದೊಳಗಿನ ಡಿಸ್ಕಿನಲ್ಲಿರುತ್ತವೆ. ಅವುಗಳ ಪಕ್ಕದಲ್ಲೇ ಕಾಣುವ ಝಡ್ ಹಾಗಲ್ಲ. ಅದು ಬೇರೆ ಎಲ್ಲೋ ಇರುವ ಒಂದು ಫೋಲ್ಡರ್‌ಗೆ ಅಂಟಿಸಿದ ಚೀಟಿ. ಆ ಫೋಲ್ಡರ್ ಸರ್ವರ್‌ನಲ್ಲಿರಬಹುದು, ಪಕ್ಕದ ಟೇಬಲ್ಲಿನ ಕಂಪ್ಯೂಟರ್‌ನಲ್ಲಿರಬಹುದು, ಇಲ್ಲವೇ ರೂಟರ್ ಪಕ್ಕ ಕೂತಿರುವ ಸಣ್ಣ ಸ್ಟೋರೇಜ್ ಪೆಟ್ಟಿಗೆಯಲ್ಲಿರಬಹುದು. ಈ ಪೆಟ್ಟಿಗೆಗೆ ಅಂಗಡಿಗಳಲ್ಲಿ ‘ನ್ಯಾಸ್’ ಅನ್ನುತ್ತಾರೆ. ಝಡ್ ಮೇಲೆ ಕ್ಲಿಕ್ ಮಾಡಿದಾಗಲೆಲ್ಲ ನಿಮ್ಮ ಕಂಪ್ಯೂಟರ್ ಆ ಯಂತ್ರದ ಹತ್ತಿರ ಹೋಗಿ ಬಾಗಿಲು ತಟ್ಟಿ ಕೇಳುತ್ತದೆ.

ಹೀಗೆ ಕೇಳುವ ಭಾಷೆಯ ಹೆಸರು ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂನಲ್ಲಿ ಬ್ಯಾರಿ ಫೈಗೆನ್‌ಬಾಮ್ ಅನ್ನುವವರು ಇದನ್ನು ರೂಪಿಸಿದರು. ಆಮೇಲೆ ಮೈಕ್ರೋಸಾಫ್ಟ್ ಅದನ್ನು ಬೆಳೆಸಿಕೊಂಡು ಬಂತು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್, ಇದೇ ಭಾಷೆಯನ್ನು ಯುನಿಕ್ಸ್ ಯಂತ್ರಗಳಿಗೂ ಕಲಿಸುವ ಪ್ರೋಗ್ರಾಂ ಬರೆದರು. ಅದಕ್ಕೆ ಹೆಸರು ಬೇಕಿತ್ತು. ಎಸ್, ಎಂ, ಬಿ ಮೂರೂ ಅಕ್ಷರ ಬರುವ ಪದಗಳನ್ನು ಕಂಪ್ಯೂಟರ್‌ನ ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕ ಪದ ‘ಸಾಂಬಾ’. ಇವತ್ತು ಸಣ್ಣ ಆಫೀಸುಗಳ ಎಷ್ಟೋ ಸ್ಟೋರೇಜ್ ಪೆಟ್ಟಿಗೆಗಳ ಒಳಗೆ ಓಡುತ್ತಿರುವುದು ಇದೇ ಸಾಂಬಾ. ನಮ್ಮೂರಿನ ಸಾಂಬನಿಗೂ ಅದಕ್ಕೂ ಸಂಬಂಧವಿಲ್ಲ ಬಿಡಿ.

ಬೀದಿ, ಮನೆ, ಬಾಗಿಲು, ಗುರುತು, ಕೋಣೆ

ಹೊಸ ಊರಿನಲ್ಲಿ ನೆಂಟರ ಮನೆ ಹುಡುಕಿಕೊಂಡು ಹೋಗುತ್ತೀರಿ ಅಂದುಕೊಳ್ಳಿ. ಮೊದಲು ಆ ಬೀದಿಗೆ ಬಂದಿದ್ದೀರಾ? ಮನೆ ನಂಬರ್ ಸರಿಯಾಗಿದೆಯಾ? ಬಾಗಿಲು ತೆರೆದಿದೆಯಾ? ಒಳಗಿನವರಿಗೆ ನಿಮ್ಮ ಗುರುತು ಸಿಕ್ಕಿತಾ? ಒಳಗೆ ಬಂದ ಮೇಲೆ ಯಾವ ಕೋಣೆಗೆ ಹೋಗಬಹುದು? ಶೇರ್ಡ್ ಡ್ರೈವ್ ಕೈಕೊಟ್ಟಾಗ ಕೇಳಬೇಕಾದದ್ದೂ ಈ ಐದೇ ಪ್ರಶ್ನೆ, ಇದೇ ಕ್ರಮದಲ್ಲಿ. ಬೀದಿಗೇ ಬರದೆ ಪಾಸ್‌ವರ್ಡ್ ಬದಲಿಸುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ, ಕೊನೆಗೆ ಅಕೌಂಟೂ ಲಾಕ್ ಆಗುತ್ತದೆ.

ಈ ಕ್ರಮ ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಶಿವಮೊಗ್ಗದ ಒಂದು ಆಡಿಟರ್ ಆಫೀಸಿನ ಕಥೆ ಹೇಳುತ್ತೇನೆ. ಆಫೀಸಿನ ಹೆಸರು, ಜನರ ಹೆಸರು ಇಲ್ಲಿ ಬೇಡ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ತಿಂಗಳ 18ನೇ ತಾರೀಖು. ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಇದರ ಅರ್ಥ ಗೊತ್ತು. ತಿಂಗಳಿಗೊಮ್ಮೆ ಫೈಲ್ ಮಾಡುವವರ ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಜೊತೆಗೆ ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ 18ರಂತೆ ಬಡ್ಡಿ. ಕಟ್ಟಬೇಕಾದವರು ಕ್ಲೈಂಟುಗಳು, ಬೈಸಿಕೊಳ್ಳಬೇಕಾದವರು ಆಡಿಟರು.

ಆ ಆಫೀಸಿನಲ್ಲಿ ಮೂರು ಹಳೆಯ ಕಂಪ್ಯೂಟರ್, ಒಂದು ಹೊಸ ಲ್ಯಾಪ್‌ಟಾಪ್, ಎಲ್ಲರ ಫೈಲುಗಳನ್ನೂ ಇಟ್ಟಿರುವ ಒಂದು ಸ್ಟೋರೇಜ್ ಪೆಟ್ಟಿಗೆ. ಅವತ್ತು ಬೆಳಿಗ್ಗೆ ಬಂದು ನೋಡಿದರೆ ಎಲ್ಲ ಯಂತ್ರಗಳಲ್ಲೂ ಝಡ್ ಡ್ರೈವ್ ಸತ್ತಿದೆ. ಹಿಂದಿನ ಸಂಜೆ ಕೊನೆಯದಾಗಿ ಹೋದವಳು ಎರಡು ತಿಂಗಳ ಹಿಂದೆ ಸೇರಿದ್ದ ಹುಡುಗಿ. ಆಡಿಟರ್ ನನಗೆ ಫೋನ್ ಮಾಡಿ ಹೇಳಿದ ಮೊದಲ ಮಾತೇ ಇದು: ‘ಮಾರಾಯ್ರೆ, ನಮ್ಮ ಹುಡುಗಿ ಏನೋ ಒತ್ತಿಬಿಟ್ಟಿದಾಳೆ. ಪೂರ್ತಿ ಡೇಟಾ ಹೋಗಿದೆ.’

‘ಹೋಗಿದೆ ಅಂತ ಹೇಗೆ ಗೊತ್ತಾಯ್ತು ಸರ್?’ ಅಂದೆ.

‘ಕಾಣಿಸ್ತಿಲ್ವಲ್ಲ!’

ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಫೋನನ್ನು ಆ ಹುಡುಗಿಗೇ ಕೊಡಿ ಅಂದೆ. ದನಿ ನಡುಗುತ್ತಿತ್ತು. ‘ಸರ್, ನಾನೇನೂ ಡಿಲೀಟ್ ಮಾಡಿಲ್ಲ. ಹೋಗ್ತಾ ಮೇನ್ ಸ್ವಿಚ್ ಆಫ್ ಮಾಡಿದೆ, ಅಷ್ಟೇ. ಮಳೆ ಗುಡುಗು ಇತ್ತು, ಆಫ್ ಮಾಡೇ ಹೋಗು ಅಂತ ಸರ್ರೇ ಹೇಳಿದ್ರು.’

ಈ ಒಂದು ವಾಕ್ಯದಲ್ಲಿ ಅರ್ಧ ಉತ್ತರ ಇತ್ತು. ಆಗಿದ್ದೇನು ಅಂತ ಹಂತಹಂತವಾಗಿ ನೋಡೋಣ.

ಒಂದನೇ ಪ್ರಶ್ನೆ: ಬೀದಿಗೆ ಬಂದಿದ್ದೀರಾ?

ಮೊದಲು ತಿಳಿಯಬೇಕಾದದ್ದು ತೊಂದರೆ ಒಬ್ಬರಿಗಾ, ಎಲ್ಲರಿಗಾ ಅನ್ನೋದು. ಒಬ್ಬರಿಗೆ ಮಾತ್ರವಾದರೆ ಅವರ ಕಂಪ್ಯೂಟರ್ ಕಡೆ ನೋಡಬೇಕು. ಎಲ್ಲರಿಗೂ ಆದರೆ ಪೆಟ್ಟಿಗೆ ಅಥವಾ ರೂಟರ್ ಕಡೆ ನೋಡಬೇಕು. ಇದನ್ನು ಕೇಳದೆ ಎಲ್ಲರೂ ತಮ್ಮ ತಮ್ಮ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡುತ್ತಾ ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಬ್ಬರಿಗೆ ಮಾತ್ರ ತೊಂದರೆ ಇದ್ದರೆ, ಅವರ ವೈಫೈ ಯಾವುದಕ್ಕೆ ಸೇರಿದೆ ನೋಡಿ. ಆಫೀಸಿನಲ್ಲಿ ಬಂದವರಿಗಾಗಿ ಬೇರೆ ‘ಗೆಸ್ಟ್’ ವೈಫೈ ಇದ್ದರೆ, ಅದರಲ್ಲಿ ಇಂಟರ್ನೆಟ್ ಚೆನ್ನಾಗಿಯೇ ಬರುತ್ತದೆ, ಶೇರ್ಡ್ ಡ್ರೈವ್ ಮಾತ್ರ ಸಿಗುವುದಿಲ್ಲ. ಅತಿಥಿಗಳನ್ನು ಒಳಗಿನ ಯಂತ್ರಗಳಿಂದ ದೂರ ಇಡುವುದೇ ಅದರ ಕೆಲಸ. ‘ಯೂಟ್ಯೂಬ್ ಬರ್ತಿದೆ, ಹಾಗಾಗಿ ನೆಟ್‌ವರ್ಕ್ ಸರಿ ಇದೆ’ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಕೊಂಡಿದ್ದರೂ ಇದೇ ಕಥೆ.

ಬೆಳಿಗ್ಗೆ ಲಾಗಿನ್ ಆದಾಗ ಮಾತ್ರ ಕೆಂಪು ಗುರುತು ಬಂದು, ಡಬಲ್ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತಾ? ಹಾಗಿದ್ದರೆ ಚಿಂತೆ ಬೇಡ. ವೈಫೈ ಸೇರುವ ಮೊದಲೇ ವಿಂಡೋಸ್ ಡ್ರೈವ್ ಹುಡುಕಲು ಹೋಗಿರುತ್ತದೆ, ಅಷ್ಟೇ.

ಶಿವಮೊಗ್ಗದಲ್ಲಿ ತೊಂದರೆ ಎಲ್ಲರಿಗೂ ಇತ್ತು. ಇಂಟರ್ನೆಟ್ ಬರುತ್ತಿತ್ತು. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು, ಹಿಂದೆ ಕೇಬಲ್ ಗಟ್ಟಿಯಾಗಿತ್ತು. ಬೀದಿ ಸರಿ.

ಎರಡನೇ ಪ್ರಶ್ನೆ: ಮನೆ ನಂಬರ್ ಸರಿಯಾಗಿದೆಯಾ?

ನೆಟ್‌ವರ್ಕ್‌ನಲ್ಲಿ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಇರುತ್ತದೆ. ಸಾಮಾನ್ಯವಾಗಿ ಇದನ್ನು ಹಂಚುವುದು ರೂಟರ್. ಯಾರು ಬಂದು ಕೇಳುತ್ತಾರೋ ಅವರಿಗೆ ಖಾಲಿ ಇರುವ ಒಂದು ನಂಬರ್ ಕೊಡುತ್ತದೆ, ಸ್ವಲ್ಪ ಕಾಲಕ್ಕೆ ಮಾತ್ರ. ಅದು ಬಾಡಿಗೆ ಮನೆ ಇದ್ದ ಹಾಗೆ. ಇವತ್ತು ಸಿಕ್ಕ ನಂಬರೇ ನಾಳೆಯೂ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ಆಕೆಗೆ ಹೇಳಿದೆ: ‘ಝಡ್ ಡ್ರೈವ್ ಹೆಸರಿನ ಪಕ್ಕ ಒಂದು ವಿಳಾಸ ಇರತ್ತೆ, ಓದಿ.’ 192.168.1.5 ಅಂತ ಇತ್ತು. ಕಮಾಂಡ್ ಪ್ರಾಂಪ್ಟ್ ತೆಗೆದು, ಇಂಗ್ಲಿಷಿನಲ್ಲಿ ಪಿಂಗ್ ಅಂತ ಬರೆದು, ಒಂದು ಸ್ಪೇಸ್ ಬಿಟ್ಟು ಆ ನಂಬರ್ ಹಾಕಿ ಎಂಟರ್ ಒತ್ತಿ ಅಂದೆ. ಪಿಂಗ್ ಅಂದರೆ ‘ಇದ್ದೀಯಾ?’ ಅಂತ ಕೂಗಿ ನೋಡುವುದು.

‘ಉತ್ತರ ಬರ್ತಿದೆ ಸರ್!’ ಅಂದಳು. ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು.

ಇಲ್ಲಿ ಒಂದು ಎಚ್ಚರಿಕೆ. ಪಿಂಗ್‌ಗೆ ಉತ್ತರ ಬಂತು ಅಂದರೆ ಆ ನಂಬರಿನಲ್ಲಿ ಯಾರೋ ಇದ್ದಾರೆ ಅಂತ ಮಾತ್ರ ಗೊತ್ತಾಗುತ್ತದೆ. ನಾವು ಹುಡುಕುತ್ತಿರುವವರೇ ಅಂತಲ್ಲ. ಹಾಗೆಯೇ ಉತ್ತರ ಬರದಿದ್ದರೆ ಯಂತ್ರ ಇಲ್ಲ ಅಂತಲೂ ಅಲ್ಲ. ಕೆಲವು ಫೈರ್‌ವಾಲ್‌ಗಳು ಪಿಂಗ್‌ಗೆ ಉತ್ತರ ಕೊಡದ ಹಾಗೆ ತಡೆಯುತ್ತವೆ.

ಮೂರನೇ ಪ್ರಶ್ನೆ: ಬಾಗಿಲು ತೆರೆದಿದೆಯಾ?

ಒಂದು ಯಂತ್ರಕ್ಕೆ ಬಾಗಿಲುಗಳು ಹಲವು. ಅವಕ್ಕೆ ಪೋರ್ಟ್ ಅನ್ನುತ್ತಾರೆ. ಫೈಲ್ ಹಂಚಿಕೆಯ ಬಾಗಿಲಿನ ನಂಬರ್ 445. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಟೆಸ್ಟ್-ನೆಟ್‌ಕನೆಕ್ಷನ್’ ಅನ್ನುವ ಆಜ್ಞೆ ಇದೆ. ವಿಳಾಸದ ಮುಂದೆ ಪೋರ್ಟ್ 445 ಅಂತ ಸೇರಿಸಿ ಕೊಟ್ಟರೆ, ಕೊನೆಯ ಸಾಲಿನಲ್ಲಿ ಟ್ರೂ ಅಥವಾ ಫಾಲ್ಸ್ ಅಂತ ಹೇಳುತ್ತದೆ.

ಆಕೆಗೆ ಬಂದಿದ್ದು ಫಾಲ್ಸ್. ಮನೆಯಲ್ಲಿ ಯಾರೋ ಇದ್ದಾರೆ, ಆದರೆ ನಮಗೆ ಬೇಕಾದ ಬಾಗಿಲೇ ಅಲ್ಲಿಲ್ಲ! ಹಾಗಾದರೆ 5ನೇ ನಂಬರಿನಲ್ಲಿ ಕೂತಿರುವವರು ಯಾರು? ಬ್ರೌಸರ್‌ನಲ್ಲಿ ಅದೇ ನಂಬರ್ ಹಾಕಿ ನೋಡಿ ಅಂದೆ. ತೆರೆದುಕೊಂಡದ್ದು ಪ್ರಿಂಟರ್‌ನ ಪುಟ. ವಾರದ ಹಿಂದಷ್ಟೇ ಬಂದಿದ್ದ ಹೊಸ ವೈಫೈ ಪ್ರಿಂಟರ್.

ಆಗಿದ್ದಿಷ್ಟು. ಮೇನ್ ಸ್ವಿಚ್ ಆಫ್ ಆದಾಗ ರೂಟರ್ ಕೂಡ ಆಫ್ ಆಗಿತ್ತು. ಕೆಲವು ಸಣ್ಣ ರೂಟರ್‌ಗಳು ಆಫ್ ಆದರೆ ಯಾರಿಗೆ ಯಾವ ನಂಬರ್ ಕೊಟ್ಟಿದ್ದೆ ಅನ್ನೋದನ್ನು ಮರೆತುಬಿಡುತ್ತವೆ. ಬೆಳಿಗ್ಗೆ ಸ್ವಿಚ್ ಹಾಕಿದಾಗ ಪ್ರಿಂಟರ್ ಬೇಗ ಎದ್ದಿತು, ಕೈಗೆ ಸಿಕ್ಕ 5ನೇ ನಂಬರ್ ತಗೊಂಡಿತು. ಸ್ಟೋರೇಜ್ ಪೆಟ್ಟಿಗೆ ಏಳುವುದಕ್ಕೆ ಕೆಲವು ನಿಮಿಷ ಬೇಕು. ಅದು ಎದ್ದು ಬರುವಷ್ಟರಲ್ಲಿ ಸಿಕ್ಕಿದ್ದು 9. ಕಂಪ್ಯೂಟರ್‌ಗಳೆಲ್ಲ ಹಳೆಯ ವಿಳಾಸಕ್ಕೆ ಹೋಗಿ ಪ್ರಿಂಟರ್‌ನ ಹತ್ತಿರ ಫೈಲು ಕೇಳುತ್ತಿದ್ದವು.

ರೂಟರ್‌ನ ಪುಟ ತೆರೆದು, ಸೇರಿಕೊಂಡಿರುವ ಯಂತ್ರಗಳ ಪಟ್ಟಿ ನೋಡಿದಾಗ ಪೆಟ್ಟಿಗೆ 9ರಲ್ಲಿ ಸಿಕ್ಕಿತು. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸದ ಜಾಗದಲ್ಲಿ \\192.168.1.9 ಅಂತ ಹಾಕಿದ ಕೂಡಲೇ ಹಳೆಯ ಕಂಪ್ಯೂಟರ್‌ನಲ್ಲಿ ಎಲ್ಲ ಫೋಲ್ಡರ್‌ಗಳೂ ಬಂದವು. ಒಂದು ಫೈಲೂ ಕಳೆದಿರಲಿಲ್ಲ. ಫೋನಿನ ಆ ಕಡೆಯಿಂದ ಐದು ಸೆಕೆಂಡ್ ಏನೂ ಮಾತು ಬರಲಿಲ್ಲ. ಆಮೇಲೆ ಆಕೆ ನಿಧಾನಕ್ಕೆ, ಪಕ್ಕದಲ್ಲಿದ್ದವರಿಗೂ ಕೇಳಿಸುವ ಹಾಗೆ ಅಂದಳು: ‘ಸರ್, ಎಲ್ಲಾ ಇದೆ.’

ಶಾಶ್ವತ ಪರಿಹಾರ ಇಷ್ಟೇ. ರೂಟರ್‌ನ ಸೆಟ್ಟಿಂಗ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅನ್ನುವ ಆಯ್ಕೆ ಇರುತ್ತದೆ. ಪೆಟ್ಟಿಗೆಗೆ ಒಂದು ನಂಬರ್ ಕಾದಿರಿಸಿದರೆ ಅದನ್ನು ಬೇರೆ ಯಾರಿಗೂ ಕೊಡುವುದಿಲ್ಲ. ನಂಬರಿನ ಬದಲು ಪೆಟ್ಟಿಗೆಯ ಹೆಸರಿನಿಂದ ಡ್ರೈವ್ ಜೋಡಿಸುವುದೂ ಒಳ್ಳೆಯದೇ. ಆದರೆ ನಂಬರ್ ಹಾಕಿದರೆ ತೆರೆಯುತ್ತೆ, ಹೆಸರು ಹಾಕಿದರೆ ತೆರೆಯಲ್ಲ ಅಂತಾದರೆ, ತೊಂದರೆ ಇರುವುದು ಹೆಸರು ಹುಡುಕುವಲ್ಲಿ ಅಂತ ತಿಳಿಯಿರಿ.

ಪೆಟ್ಟಿಗೆಯ ಬದಲು ಇನ್ನೊಬ್ಬರ ಕಂಪ್ಯೂಟರ್‌ನಲ್ಲೇ ಫೋಲ್ಡರ್ ಹಂಚಿದ್ದರೆ ಇನ್ನೂ ಎರಡು ವಿಷಯ ನೋಡಿ. ಒಂದು, ಆ ಕಂಪ್ಯೂಟರ್ ನಿದ್ದೆಗೆ ಜಾರಿದೆಯಾ? ಎರಡು, ಅದರ ನೆಟ್‌ವರ್ಕ್ ‘ಪಬ್ಲಿಕ್’ ಅಂತ ಆಗಿದೆಯಾ? ಹೊಸ ರೂಟರ್ ಹಾಕಿದಾಗ ವಿಂಡೋಸ್ ಅದನ್ನು ಹೊಸ ಜಾಗ ಅಂದುಕೊಂಡು ಪಬ್ಲಿಕ್ ಅಂತ ಗುರುತಿಸಿ, ಫೈಲ್ ಹಂಚಿಕೆಯ ಬಾಗಿಲು ಮುಚ್ಚಬಹುದು. ನಿಮ್ಮದೇ ಆಫೀಸಿನ ನೆಟ್‌ವರ್ಕ್ ಆಗಿದ್ದರೆ ‘ಪ್ರೈವೇಟ್’ ಮಾಡಿ. ಅದಕ್ಕಾಗಿ ಫೈರ್‌ವಾಲ್ ಅನ್ನೇ ಪೂರ್ತಿ ಆಫ್ ಮಾಡಬೇಡಿ.

ನಾಲ್ಕನೇ ಪ್ರಶ್ನೆ: ನಿಮ್ಮ ಗುರುತು ಸಿಕ್ಕಿತಾ?

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಆಡಿಟರ್ ಅವರ ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಸರಿಯಾದ ನಂಬರ್ ಹಾಕಿದರೂ ತೆರೆಯಲಿಲ್ಲ. ಸಂದೇಶವನ್ನು ಪೂರ್ತಿ ಓದಿಸಿದೆ. ಗುರುತು ಹೇಳದ ಅತಿಥಿ ಪ್ರವೇಶವನ್ನು ಭದ್ರತಾ ನೀತಿ ತಡೆಯುತ್ತಿದೆ ಅನ್ನುವುದು ಅದರ ಸಾರಾಂಶ. ಒಂದೇ ರೋಗಲಕ್ಷಣ, ಆದರೆ ಎರಡು ಬೇರೆ ಬೇರೆ ಕಾಯಿಲೆ. ಲ್ಯಾಪ್‌ಟಾಪ್ ಅದೇ ವಾರ ಬಂದಿದ್ದರಿಂದ ಅದರಲ್ಲಿ ಝಡ್ ಡ್ರೈವ್ ಒಂದು ದಿನವೂ ತೆರೆದಿರಲಿಲ್ಲ ಅನ್ನೋದು ಆಗ ಹೊರಗೆ ಬಂತು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಾಗಿ ಎಷ್ಟೋ ಆಫೀಸುಗಳು ವಿಂಡೋಸ್ 11ರ ಹೊಸ ಯಂತ್ರಗಳನ್ನು ತಂದವು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊ ಯಂತ್ರಗಳಲ್ಲಿ ಎರಡು ಬದಲಾವಣೆ ಆಗಿವೆ. ಪಾಸ್‌ವರ್ಡ್ ಕೇಳದ ಗೆಸ್ಟ್ ಪ್ರವೇಶಕ್ಕೆ ಅವು ತಾವಾಗಿಯೇ ಒಪ್ಪುವುದಿಲ್ಲ. ಜೊತೆಗೆ, ಹೋಗಿಬರುವ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಬೇಕು ಅನ್ನುತ್ತವೆ. ಮಧ್ಯದಲ್ಲಿ ಯಾರೂ ಕೈಯಾಡಿಸಿಲ್ಲ ಅನ್ನುವುದಕ್ಕೆ ಆ ಸಹಿ ಸಾಕ್ಷಿ. ಪಾಸ್‌ವರ್ಡ್ ಇಲ್ಲದ ಅತಿಥಿಗೆ ಸಹಿ ಹಾಕುವ ಕೀಲಿಯೇ ಇರುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಪಾಸ್‌ವರ್ಡ್ ಇಲ್ಲದೆ ಓಡಿದ ಪೆಟ್ಟಿಗೆಗಳು ಹೊಸ ಯಂತ್ರಗಳ ಮುಂದೆ ಗುಮಾನಿ ಮನುಷ್ಯರಾದವು.

‘ಆ ತಡೆ ತೆಗೆದುಬಿಡಿ, ಯೂಟ್ಯೂಬಲ್ಲಿ ಎರಡು ನಿಮಿಷದ ಕೆಲಸ ಅಂತ ತೋರಿಸ್ತಾರೆ. 20ನೇ ತಾರೀಖು ಕಳೀಲಿ, ಆಮೇಲೆ ನೋಡೋಣ’ ಅಂದರು ಆಡಿಟರ್.

ಅವರ ಅವಸರ ಅರ್ಥವಾಗುವಂಥದ್ದೇ. ನಾನು ಒಂದೇ ಪ್ರಶ್ನೆ ಕೇಳಿದೆ: ‘ನಿಮ್ಮಲ್ಲಿ ಬರೋ ಕ್ಲೈಂಟುಗಳು ವೈಫೈ ಪಾಸ್‌ವರ್ಡ್ ಕೇಳಿದ್ರೆ ಕೊಡ್ತೀರಾ?’ ಕೊಡುತ್ತಿದ್ದರು. ಅದೇ ವೈಫೈ, ಬೇರೆ ಗೆಸ್ಟ್ ವೈಫೈ ಇರಲಿಲ್ಲ. ಅಂದರೆ ಸೋಫಾ ಮೇಲೆ ಕಾಯುತ್ತಾ ಕೂತ ಯಾರು ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಆ ಪೆಟ್ಟಿಗೆ ತೆರೆದು, ಊರಿನ ಇತರ ವ್ಯಾಪಾರಿಗಳ ಪ್ಯಾನ್, ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಲಾಭ ನಷ್ಟ ಎಲ್ಲ ನೋಡಬಹುದಿತ್ತು. ಅಳಿಸಲೂಬಹುದಿತ್ತು. ಆಡಿಟರ್ ಮೇಲೆ ಜನ ಇಟ್ಟಿರುವ ನಂಬಿಕೆಯೇ ಅವರ ಬಂಡವಾಳ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಸ್‌ವರ್ಡ್ ಮಾಡೋಕೆ ಎಷ್ಟು ಹೊತ್ತು ಬೇಕು?’ ಅಂತ ಕೇಳಿದರು.

ಅರ್ಧ ಗಂಟೆ ಹಿಡಿಯಿತು. ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಯೂಸರ್‌ನೇಮ್, ಪಾಸ್‌ವರ್ಡ್. ಗೆಸ್ಟ್ ಬಂದ್. ಕ್ಲೈಂಟುಗಳಿಗೆ ಬೇರೆ ವೈಫೈ. ಎಲ್ಲವನ್ನೂ ಫೋನಿನಲ್ಲಿ ಕೇಳುತ್ತಾ ಕೀಬೋರ್ಡ್‌ನಲ್ಲಿ ಮಾಡಿದವಳು ಆ ಹುಡುಗಿಯೇ. ಮಧ್ಯಾಹ್ನದ ಊಟಕ್ಕೆ ಮುಂಚೆ ಕೆಲಸ ಶುರುವಾಯಿತು, ರಿಟರ್ನ್‌ಗಳು ಹೊತ್ತಿಗೆ ಸರಿಯಾಗಿ ಹೋದವು. ಆಡಿಟರ್ ಆಕೆಗೆ ಸಾರಿ ಕೇಳಿದರೋ ಇಲ್ಲವೋ ನಾನು ಕೇಳಿಸಿಕೊಳ್ಳಲಿಲ್ಲ. ಮರುದಿನ ಪೆಟ್ಟಿಗೆಯ ಅಡ್ಮಿನ್ ಪಾಸ್‌ವರ್ಡ್ ಬರೆದ ಲಕೋಟೆಯನ್ನು ಆಕೆಯ ಕೈಗೇ ಕೊಟ್ಟರಂತೆ.

ಗುರುತಿನ ಹಂತದಲ್ಲಿ ಸಾಮಾನ್ಯವಾಗಿ ಸಿಕ್ಕಿಕೊಳ್ಳುವ ಇನ್ನೂ ಕೆಲವು ಜಾಗಗಳಿವೆ.

ಪಿನ್ ನಡೆಯುವುದಿಲ್ಲ. ಲ್ಯಾಪ್‌ಟಾಪ್ ತೆರೆಯಲು ಬಳಸುವ ನಾಲ್ಕಂಕಿಯ ಪಿನ್ ಅಥವಾ ಬೆರಳಚ್ಚು ಆ ಒಂದು ಯಂತ್ರಕ್ಕೆ ಮಾತ್ರ. ಶೇರ್ಡ್ ಫೋಲ್ಡರ್ ಕೇಳುವುದು ಅಕೌಂಟಿನ ನಿಜವಾದ ಪಾಸ್‌ವರ್ಡ್.

ಖಾಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಪಾಸ್‌ವರ್ಡ್ ಇಲ್ಲದ ಅಕೌಂಟಿನಿಂದ ನೆಟ್‌ವರ್ಕ್ ಮೂಲಕ ಒಳಬರಲು ವಿಂಡೋಸ್ ತಾನಾಗಿಯೇ ಬಿಡುವುದಿಲ್ಲ.

ಹಳೆಯ ಪಾಸ್‌ವರ್ಡ್ ನೆನಪಿಟ್ಟುಕೊಂಡಿರಬಹುದು. ಪಾಸ್‌ವರ್ಡ್ ಬದಲಿಸಿದ ಮೇಲೂ ವಿಂಡೋಸ್ ಹಳೆಯದನ್ನೇ ಕೊಡುತ್ತಿರಬಹುದು. ಕಂಟ್ರೋಲ್ ಪ್ಯಾನೆಲ್‌ನ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ತೆರೆದು ಆ ಯಂತ್ರದ ಹಳೆಯ ನಮೂದನ್ನು ತೆಗೆದು, ಹೊಸದಾಗಿ ಲಾಗಿನ್ ಆಗಿ.

1219 ಅನ್ನುವ ನಂಬರ್ ಬಂದರೆ, ಒಂದೇ ಯಂತ್ರಕ್ಕೆ ನೀವು ಎರಡು ಬೇರೆ ಹೆಸರಿನಲ್ಲಿ ಹೋಗುತ್ತಿದ್ದೀರಿ ಅಂತ ಅರ್ಥ. ಹಳೆಯ ಜೋಡಣೆಯನ್ನು ರೈಟ್ ಕ್ಲಿಕ್ ಮಾಡಿ ‘ಡಿಸ್‌ಕನೆಕ್ಟ್’ ಕೊಡಿ, ಆಮೇಲೆ ಹೊಸ ಹೆಸರಿನಲ್ಲಿ ಹೋಗಿ. ಡಿಸ್‌ಕನೆಕ್ಟ್ ಅಂದರೆ ಚೀಟಿ ಕೀಳುವುದು ಮಾತ್ರ, ಫೈಲುಗಳಿಗೆ ಏನೂ ಆಗುವುದಿಲ್ಲ. ತೆರೆದಿರುವ ಫೈಲುಗಳನ್ನು ಮೊದಲು ಸೇವ್ ಮಾಡಿ ಮುಚ್ಚಿರಿ.

ಐದನೇ ಪ್ರಶ್ನೆ: ಯಾವ ಕೋಣೆಗೆ ಹೋಗಬಹುದು?

ಡ್ರೈವ್ ತೆರೆಯುತ್ತೆ, ಫೈಲೂ ಓದಬಹುದು, ಸೇವ್ ಮಾತ್ರ ಆಗಲ್ಲ. ಇದು ಅನುಮತಿಯ ವಿಷಯ. ವಿಂಡೋಸ್‌ನಲ್ಲಿ ಎರಡು ಕಡೆ ಅನುಮತಿ ಇರುತ್ತದೆ: ಹಂಚಿಕೆಗೆ ಒಂದು, ಫೋಲ್ಡರ್‌ಗೆ ಒಂದು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಒಂದು ಕಡೆ ಪೂರ್ತಿ ಬಿಟ್ಟು ಇನ್ನೊಂದು ಕಡೆ ‘ಓದಲು ಮಾತ್ರ’ ಅಂತಿದ್ದರೆ, ಓದಲು ಮಾತ್ರ ಸಿಗುತ್ತದೆ. ಅವಸರದಲ್ಲಿ ‘ಎವ್ರಿವನ್’ಗೆ ಪೂರ್ತಿ ಅಧಿಕಾರ ಕೊಟ್ಟು ಕೈತೊಳೆದುಕೊಳ್ಳಬೇಡಿ. ಸ್ಯಾಲರಿ ಶೀಟು ಎಲ್ಲರ ಕಣ್ಣಿಗೆ ಬಿದ್ದ ದಿನ ಅದರ ಬೆಲೆ ಗೊತ್ತಾಗುತ್ತದೆ.

ಆಫೀಸು ದೊಡ್ಡದಾಗುತ್ತಿದ್ದರೆ ಇನ್ನೊಂದು ಮಿತಿ ನೆನಪಿರಲಿ. ಸಾಮಾನ್ಯ ವಿಂಡೋಸ್ 10 ಅಥವಾ 11 ಕಂಪ್ಯೂಟರ್‌ನಲ್ಲಿ ಹಂಚಿದ ಫೋಲ್ಡರ್‌ಗೆ ಒಮ್ಮೆಲೇ 20 ಯಂತ್ರಗಳು ಮಾತ್ರ ಸೇರಬಹುದು. ‘ನಿನ್ನೆ ತನಕ ಬರ್ತಿತ್ತು, ಇವತ್ತು ಹೊಸದಾಗಿ ಸೇರಿದವರಿಗೆ ಬರ್ತಿಲ್ಲ’ ಅಂದರೆ ತಲೆ ಎಣಿಸಿ ನೋಡಿ.

ಮನೆಯಿಂದ ಕೆಲಸ ಮಾಡುವವರಿಗೆ

ಕಂಪನಿಯ ಝಡ್ ಡ್ರೈವ್ ಮನೆಯಲ್ಲಿ ತೆರೆಯಬೇಕಾದರೆ ಮೊದಲು ವಿಪಿಎನ್ ಸೇರಬೇಕು. ಬೆಂಗಳೂರಿನ ಪಿಜಿಯಲ್ಲಿ ಕೂತು ‘ಡ್ರೈವ್ ಹೋಯ್ತು’ ಅನ್ನುವವರಲ್ಲಿ ಎಷ್ಟೋ ಜನರ ವಿಪಿಎನ್ ಮಧ್ಯದಲ್ಲಿ ಕಡಿದಿರುತ್ತದೆ. ವಿಪಿಎನ್ ಸರಿ ಇದ್ದೂ ಬರದಿದ್ದರೆ ಒಂದು ವಿಚಿತ್ರ ಕಾರಣ ಇರಬಹುದು. ನಿಮ್ಮ ಮನೆಯ ರೂಟರ್ ಹಂಚುವ ನಂಬರುಗಳೂ ಆಫೀಸಿನ ನಂಬರುಗಳೂ 192.168.1ರಿಂದಲೇ ಶುರುವಾಗುತ್ತಿದ್ದರೆ, ಆಫೀಸಿನ ಸರ್ವರ್ ಹುಡುಕಬೇಕಾದ ಕಂಪ್ಯೂಟರ್ ನಿಮ್ಮ ಮನೆಯೊಳಗೇ ಹುಡುಕುತ್ತಿರುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಯ ಉಲ್ಟಾ ಕಥೆ.

‘ವಿಪಿಎನ್ ಯಾಕೆ, ರೂಟರ್‌ನಲ್ಲಿ 445ನೇ ಬಾಗಿಲನ್ನು ಇಂಟರ್ನೆಟ್‌ಗೆ ತೆರೆದಿಟ್ಟರೆ ಸಾಕಲ್ವಾ?’ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನುವ ವೈರಸ್ ಇದೇ ಬಾಗಿಲಿನಿಂದ ನುಗ್ಗಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ನರಳಿದವು. ಅದು ಬಳಸಿಕೊಂಡದ್ದು ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನು. ಅದರ ರಿಪೇರಿ ಎರಡು ತಿಂಗಳ ಮುಂಚೆಯೇ, ಮಾರ್ಚ್‌ನಲ್ಲಿ ಬಂದಿತ್ತು. ಅಪ್‌ಡೇಟ್ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಈ ಹಳೆಯ ಎಸ್‌ಎಂಬಿ ತಾನಾಗಿ ಬರುವುದಿಲ್ಲ. ‘ಎಸ್‌ಎಂಬಿ 1 ಆನ್ ಮಾಡಿದರೆ ಎಲ್ಲಾ ಸರಿಹೋಗತ್ತೆ’ ಅನ್ನುವ ವಿಡಿಯೋಗಳು ಈಗಲೂ ಓಡಾಡುತ್ತಿವೆ. ನಿಮ್ಮ ಪೆಟ್ಟಿಗೆಗೆ ಹಳೆಯ ಎಸ್‌ಎಂಬಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲ ಅಂದರೆ, ಮೊದಲು ಅದರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಅದೂ ಆಗದಿದ್ದರೆ ಪೆಟ್ಟಿಗೆ ನಿವೃತ್ತಿಯಾಗುವ ವಯಸ್ಸಿಗೆ ಬಂದಿದೆ.

ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಸೆಟ್ಟಿಂಗ್ ಬದಲಿಸಲು ಹೋಗಬೇಡಿ, ಐಟಿ ಡೆಸ್ಕ್‌ಗೆ ಹೇಳಿ. ‘ಡ್ರೈವ್ ವರ್ಕ್ ಆಗ್ತಿಲ್ಲ’ ಅಂತ ಮಾತ್ರ ಬರೆದರೆ ಅವರೂ ಮೊದಲಿಂದ ಕೇಳಬೇಕಾಗುತ್ತದೆ. ಕೊನೆಯ ಬಾರಿ ಯಾವಾಗ ತೆರೆದಿತ್ತು, ಪಕ್ಕದವರಿಗೆ ಬರುತ್ತಿದೆಯಾ, ವೈಫೈಯಾ ಕೇಬಲ್ಲಾ, ಈಚೆಗೆ ಪಾಸ್‌ವರ್ಡ್ ಬದಲಿಸಿದಿರಾ ಅಂತ ನಾಲ್ಕು ಸಾಲು ಬರೆದು, ಸಂದೇಶದ ಸ್ಕ್ರೀನ್‌ಶಾಟ್ ಜೊತೆಗಿಡಿ. ಸಂದೇಶದ ಕೊನೆಯಲ್ಲಿ 80070035 ಅಂತಿದ್ದರೆ ದಾರಿ ಸಿಗುತ್ತಿಲ್ಲ ಅಂತ, ಅಂದರೆ ಮೊದಲ ಮೂರು ಪ್ರಶ್ನೆಗಳಲ್ಲಿ ಒಂದು. 1326 ಅಂತಿದ್ದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು, ಅಂದರೆ ನಾಲ್ಕನೆಯದು.

ಡ್ರೈವ್ ವಾಪಸ್ ಬಂದ ದಿನವೇ ಮಾಡಬೇಕಾದ ಕೆಲಸ

ತುಂಬಾ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಶೇರ್ಡ್ ಡ್ರೈವ್‌ನಲ್ಲಿ ಡಿಲೀಟ್ ಮಾಡಿದ ಫೈಲು ನಿಮ್ಮ ಕಂಪ್ಯೂಟರ್‌ನ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಪೆಟ್ಟಿಗೆಯಲ್ಲೇ ಕಸದಬುಟ್ಟಿಯ ಸೌಲಭ್ಯ ಆನ್ ಮಾಡಿಲ್ಲದಿದ್ದರೆ ಅದು ಹೋಯಿತು ಅಂತಲೇ ಲೆಕ್ಕ. ಶಿವಮೊಗ್ಗದಲ್ಲಿ ಫೈಲು ಉಳಿದಿದ್ದವು. ಆದರೆ ಆ ಬೆಳಿಗ್ಗೆ ಎಲ್ಲರೂ ಹೆದರಿದ್ದಕ್ಕೆ ನಿಜವಾದ ಕಾರಣ ಬೇರೆಲ್ಲೂ ಪ್ರತಿ ಇಲ್ಲ ಅನ್ನೋದು. ಬ್ಯಾಕಪ್ ಇದ್ದಿದ್ದರೆ ಯಾರ ಮೇಲೂ ಬೆರಳು ತೋರಿಸುವ ಅವಸರ ಇರುತ್ತಿರಲಿಲ್ಲ.

ಪೆಟ್ಟಿಗೆಯಲ್ಲಿ ಎರಡು ಡಿಸ್ಕ್ ಇದ್ದು ಒಂದರ ಪ್ರತಿ ಇನ್ನೊಂದರಲ್ಲಿ ಆಗುತ್ತಿದ್ದರೂ ಅದನ್ನು ಬ್ಯಾಕಪ್ ಅನ್ನಲಾಗದು. ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತದೆ. ಡಿಲೀಟ್ ಮಾಡಿದರೆ ಎರಡರಲ್ಲೂ ಡಿಲೀಟ್ ಆಗುತ್ತದೆ, ಸಿಡಿಲು ಬಡಿದರೆ ಎರಡೂ ಸುಡುತ್ತವೆ. ಹಳೆಯ ಸೂತ್ರ ಈಗಲೂ ಒಳ್ಳೆಯದು: ಮೂರು ಪ್ರತಿ, ಎರಡು ಬಗೆಯ ಜಾಗ, ಅದರಲ್ಲಿ ಒಂದು ಆಫೀಸಿನಿಂದ ಹೊರಗೆ. ವಾರಕ್ಕೊಮ್ಮೆ ಎಕ್ಸ್‌ಟರ್ನಲ್ ಡಿಸ್ಕ್‌ಗೆ ನಕಲು ಮಾಡಿ, ಕಳಚಿ, ಬೀರುವಿನಲ್ಲಿಡಿ. ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿರಲಿ. ತಿಂಗಳಿಗೊಮ್ಮೆ ಒಂದು ಫೈಲನ್ನು ವಾಪಸ್ ತೆಗೆದು ತೆರೆದು ನೋಡಿ.

ಇದರ ಜೊತೆಗೆ ಒಂದು ಹಾಳೆ ಬರೆದಿಡಿ. ಪೆಟ್ಟಿಗೆಯ ವಿಳಾಸ, ಅದರ ಹೆಸರು, ರೂಟರ್‌ನ ಪುಟ ತೆರೆಯುವ ನಂಬರ್, ಕೊನೆಯ ಬ್ಯಾಕಪ್ ತಾರೀಖು, ಯಾರಿಗೆ ಯಾವ ಫೋಲ್ಡರ್‌ಗೆ ಅನುಮತಿ. ಕೆಳಗೆ ಐದೂ ಪ್ರಶ್ನೆಗಳನ್ನು ಬರೆಯಿರಿ. ಪಾಸ್‌ವರ್ಡ್‌ಗಳು ಈ ಹಾಳೆಯಲ್ಲಿ ಬೇಡ, ಅವು ಬೇರೆ ಕಡೆ ಬೀಗದಲ್ಲಿರಲಿ. ಹಾಳೆಯನ್ನು ಆಫೀಸಿಗೆ ಹೊಸದಾಗಿ ಸೇರಿದವರಿಗೆ ಮೊದಲ ವಾರದಲ್ಲೇ ತೋರಿಸಿ. ಸಂಜೆ ಕೊನೆಗೆ ದೀಪ ಆರಿಸಿ ಹೋಗುವವರು ಸಾಮಾನ್ಯವಾಗಿ ಅವರೇ ಆಗಿರುತ್ತಾರೆ.